ಕಡ್ಡಿಯ ಪಂದ್ಯಕ್ಕೆ ಹೇಳಿದ ಎರಡು ಭವಿಷ್ಯ

ಲಿಫ್ಟ್ ರಿಪೇರಿಯ ಸರ್ವಿಸ್ ಆಫೀಸಿನಲ್ಲಿ ಅವನನ್ನು ನಿಜವಾದ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ‘ಕರಿನಾಲಿಗೆ ಅಣ್ಣ’ ಎಂದು ಶುರುವಾದದ್ದು ಬಾಯಿಂದ ಬಾಯಿಗೆ ಸವೆದು ‘ನಾಲಿಗಣ್ಣ’ ಆಗಿತ್ತು. ಕರಿನಾಲಿಗೆಯವರು ಆಡಿದ ಕೆಟ್ಟ ಮಾತು ನಿಜವಾಗುತ್ತದೆ ಎನ್ನುತ್ತಾರಲ್ಲ, ಹಾಗೆ ಇವನು ಯಾರು ಸೋಲುತ್ತಾರೆ ಎನ್ನುತ್ತಾನೋ ಅವರು ಸೋಲುತ್ತಿದ್ದರು. ಅದೂ ಕೇಜ್ ಫೈಟಿನಲ್ಲಿ ಮಾತ್ರ. ಮಳೆಯ ಬಗ್ಗೆ, ಚುನಾವಣೆಯ ಬಗ್ಗೆ, ಯಾರಿಗೆ ಬಡ್ತಿ ಸಿಗುತ್ತದೆ ಎಂಬುದರ ಬಗ್ಗೆ ಅವನು ಹೇಳಿದ್ದೆಲ್ಲ ನೆಲ ಕಚ್ಚುತ್ತಿತ್ತು. ಆದರೆ ತಂತಿಬಲೆಯ ಕಣದೊಳಗೆ ಇಬ್ಬರು ಇಳಿದು, ಗುದ್ದು, ಒದೆ, ಕುಸ್ತಿ, ಕತ್ತಿನ ಹಿಡಿತ ಎಲ್ಲ ಕಲಸಿದ ಆ ಕಾಳಗಕ್ಕೆ ನಿಂತರೆ ಸಾಕು, ಯಾರು, ಯಾವ ರೌಂಡಿನಲ್ಲಿ, ಯಾವ ಏಟಿಗೆ ಬೀಳುತ್ತಾರೆ ಎಂದು ಮೊದಲೇ ಹೇಳಿಬಿಡುತ್ತಿದ್ದ.

ಅವನಿಗೆ ಯಾವ ಮಂತ್ರವೂ ಗೊತ್ತಿರಲಿಲ್ಲ. ನೋಡುತ್ತಿದ್ದ, ಅಷ್ಟೆ. ಒಬ್ಬ ಆಟಗಾರನ ಹಳೆಯ ಪಂದ್ಯಗಳನ್ನೆಲ್ಲ ಮೊಬೈಲಿನಲ್ಲಿ ಹಾಕಿಕೊಂಡು, ಯಾವುದೋ ಅಪಾರ್ಟ್‌ಮೆಂಟಿನ ತಾರಸಿಯ ಮೋಟರ್ ರೂಮಿನಲ್ಲಿ ಗ್ರೀಸ್ ಡಬ್ಬಿಯ ಮೇಲೆ ಕೂತು, ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದ. ಅವನ ಜೊತೆ ಕೆಲಸಕ್ಕೆ ಹೋಗುವ ಸ್ಪ್ಯಾನರ್ ಎಂಬ ಅಡ್ಡಹೆಸರಿನ ಮೆಕ್ಯಾನಿಕ್ ಒಮ್ಮೆ ಕೇಳಿದ್ದ, “ಅಲ್ಲಣ್ಣಾ, ಇದುವರೆಗೂ ಒಂದೂ ಸೋಲದೆ ಇರೋನನ್ನ ಸೋಲ್ತಾನೆ ಅಂತೀರಲ್ಲ, ಹೆಂಗೆ?”

“ಸವೆದ ಲಿಫ್ಟು ಮೇಲೆ ಹೋಗುವಾಗ ಗೊತ್ತಾಗಲ್ಲ ಕಣೋ. ನಿಲ್ಲುವಾಗ ಗೊತ್ತಾಗುತ್ತೆ. ಅವನು ಹೊಡೆಯೋದನ್ನ ಏನು ನೋಡ್ತೀಯ? ಹೊಡೆದು ನಿಂತಾಗ ನೋಡು.”

ಅವನು ಹೇಳಿದಂತೆಯೇ ಆಗಿತ್ತು. ಅಂದಿನಿಂದ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಆಫೀಸಿನ ಉದ್ದ ಬೆಂಚಿನ ಸುತ್ತ ಜನ ಸೇರುತ್ತಿದ್ದರು. ಜೂಜು ಕೂಡದು ಎಂದು ನಾಲಿಗಣ್ಣನೇ ಕಟ್ಟಪ್ಪಣೆ ಮಾಡಿದ್ದ. ಅವನಿಗೆ ಬೇಕಾಗಿದ್ದದ್ದು ಪಂದ್ಯದ ಮರುದಿನ, ಸೋಮವಾರದ ಆ ಒಂದು ಗಳಿಗೆ. ಬಾಗಿಲಿನಿಂದಲೇ ಯಾರೋ, “ನೀವು ಹೇಳಿದ್ದೇ ಆಯ್ತಲ್ಲ ಅಣ್ಣಾ!” ಎನ್ನುವರು. ಅವನು ಕೇಳಿಸದವನಂತೆ ಸ್ಕ್ರೂ ಡ್ರೈವರ್ ಒರೆಸಿಕೊಳ್ಳುವನು.

ಅವನಿಗೆ ಮದುವೆ ಕೂಡಿಬಂದಿರಲಿಲ್ಲ. ತಂಗಿಯ ಗಂಡ ತೀರಿಕೊಂಡ ಮೇಲೆ ತಂಗಿಯನ್ನೂ ಅವಳ ಮಗಳನ್ನೂ ತನ್ನ ಎರಡು ಕೋಣೆಯ ಮನೆಗೆ ಕರೆತಂದಿದ್ದ. ತಂಗಿ ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ಹಾಲಿನಲ್ಲಿ, ಟೀವಿಯ ಪಕ್ಕದಲ್ಲೇ. ಹುಡುಗಿ ಹಂಚಿಕಡ್ಡಿಯಂತೆ ಸಣ್ಣಗಿದ್ದಳು, ಅದಕ್ಕೇ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಮಾವ ಟೀವಿಯ ಮುಂದೆ ಕೂತರೆ ಅವಳೂ ಬಂದು ಅವನ ಮೊಣಕಾಲಿಗೆ ಒರಗಿ ಕೂರುವಳು. ನೀಲಿ ಬಟ್ಟೆಯ ಚೂರುಗಳ ನಡುವೆ ಕೂತು ಕಣ್ಣು ಬಿಟ್ಟುಕೊಂಡು ನೋಡುವಳು.

“ಮಾವ, ಯಾರು ಗೆಲ್ತಾರೆ?”

“ನೀನೇ ಹೇಳು.”

“ಆ ಕೆಂಪು ಚಡ್ಡಿ.”

“ಯಾಕೆ?”

“ಅವನು ಉಸಿರಾಡ್ತಾ ಇದಾನೆ. ಇನ್ನೊಬ್ಬ ಉಸಿರು ಹಿಡ್ಕೊಂಡಿದಾನೆ.”

ನಾಲಿಗಣ್ಣನಿಗೆ ಆ ದಿನ ಆದ ಸಂತೋಷ ಹೇಳತೀರದು. ತನ್ನ ಕಣ್ಣು ಮನೆಯಲ್ಲಿ ಇನ್ನೊಬ್ಬರಿಗೆ ಬಂದಿದೆ ಎನಿಸಿತು. ಅವಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಅವನೇ ಕೈ ಹಿಡಿದು ಟೈರ್ ಅಂಗಡಿಯ ಮೇಲಿನ ಜಿಮ್ಮಿಗೆ ಕರೆದುಕೊಂಡು ಹೋಗಿ ಸೇರಿಸಿದ. ತಂಗಿ ಬಾಯಲ್ಲಿ ದಾರ ಕಚ್ಚಿಕೊಂಡೇ ಬೈದಳು, “ಮುಖಕ್ಕೆ ಏಟು ಬಿದ್ರೆ ಏನು ಮಾಡ್ತೀಯ ಅಣ್ಣ? ಹೆಣ್ಣು ಹುಡುಗಿ.”

“ಏಟು ತಿನ್ನೋದನ್ನಲ್ಲ, ತಪ್ಪಿಸಿಕೊಳ್ಳೋದನ್ನ ಕಲಿಸ್ತಾರಮ್ಮ ಅಲ್ಲಿ,” ಎಂದ ಅವನು. “ನಾನಿದೀನಲ್ಲ?”

ಕಡ್ಡಿ ಕಲಿತಳು. ಸಣ್ಣಪುಟ್ಟ ಪಂದ್ಯ ಆಡಿದಳು, ಗೆದ್ದಳು. ಆಫೀಸಿನವರೆಲ್ಲ, “ಏನಣ್ಣ, ಕಡ್ಡೀನ ಗುಡ್ಡ ಮಾಡ್ತಾ ಇದೀರಲ್ಲ,” ಎಂದು ನಗುವರು. ಅವನು ಅವಳ ಪಂದ್ಯಗಳನ್ನೂ ಬೇರೆಯವರ ಪಂದ್ಯಗಳಂತೆಯೇ ಮೊಬೈಲಿನಲ್ಲಿ ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದ. ಹಾಗೆ ನೋಡುತ್ತಲೇ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಹಿಂದಕ್ಕೆ ಹೆಜ್ಜೆ ಇಟ್ಟಾಗಲೆಲ್ಲ ಕಡ್ಡಿಯ ಬಲಗೈ ಕೆನ್ನೆ ಬಿಟ್ಟು ಎದೆಯವರೆಗೆ ಇಳಿಯುತ್ತಿತ್ತು. ಒಂದೇ ಕ್ಷಣ, ಮತ್ತೆ ಮೇಲಕ್ಕೆ. ಎದುರಾಳಿಗಳು ಕಲಿಯುವವರೇ ಆಗಿದ್ದರಿಂದ ಯಾರಿಗೂ ಅದು ಕಂಡಿರಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದುಕೊಂಡ. ಗೆದ್ದು ಬಂದವಳ ಮುಖ ನೋಡಿದರೆ ಹೇಳುವುದಕ್ಕೆ ಮನಸ್ಸಾಗುತ್ತಿರಲಿಲ್ಲ.

ಹೀಗಿರುವಾಗ ಒಳಾಂಗಣ ಕ್ರೀಡಾಂಗಣದಲ್ಲಿ ದೊಡ್ಡ ಪಂದ್ಯಾವಳಿ ಬಂತು. ಪಟ್ಟಿಯಲ್ಲಿದ್ದ ಒಬ್ಬಳು ಕಾಲು ಉಳುಕಿಸಿಕೊಂಡಳು. ಅವಳ ಬದಲಿಗೆ ಕಡ್ಡಿ ಆಡುತ್ತಾಳೆಯೇ ಎಂದು ಸಂಘಟಕರು ಜಿಮ್ಮಿನ ಕೋಚ್‌ಗೆ ಫೋನ್ ಮಾಡಿದರು. ಪಂದ್ಯಕ್ಕೆ ಇನ್ನು ಎರಡು ವಾರವೂ ಇರಲಿಲ್ಲ. ಎದುರಾಳಿ ಹಳೆಯ ಹುಲಿ, ವರ್ಷಗಟ್ಟಲೆ ಕಣದಲ್ಲಿ ಪಳಗಿದವಳು, ಪಕ್ಕದಿಂದ ಬೀಸಿ ಹೊಡೆಯುವ ಎಡಗೈಯ ಹುಕ್ ಏಟಿಗೆ ಹೆಸರಾದವಳು. ಕೋಚ್ ಮೀನಮೇಷ ಎಣಿಸಿದರು. “ನನ್ನನ್ನ ಕೇಳಿದ್ರೆ ಇನ್ನೂ ಆರು ತಿಂಗಳು ಬೇಕು. ಆದ್ರೆ ಇಂಥ ಅವಕಾಶ ಬಾಗಿಲು ಬಡಿಯೋದು ಅಪರೂಪ. ನೀನೇ ಯೋಚನೆ ಮಾಡು,” ಎಂದರು. ಕಡ್ಡಿ, “ಮಾವನ್ನ ಕೇಳಿ ಹೇಳ್ತೀನಿ,” ಎಂದಳು.

ಆದರೆ ಅವಳು ಕೇಳುವುದಕ್ಕೆ ಮೊದಲೇ ಸುದ್ದಿ ಆಫೀಸಿನ ಬೆಂಚಿಗೆ ಬಂದಿತ್ತು. ಟೈರ್ ಅಂಗಡಿಯವನು ಸ್ಪ್ಯಾನರ್‌ನ ಗೆಳೆಯ. ಸೋಮವಾರ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಕೂತಾಗ ಸ್ಪ್ಯಾನರ್ ಎದುರಾಳಿಯ ಪಂದ್ಯ ಹಾಕಿದ. ನಾಲಿಗಣ್ಣ ಊಟ ಬಿಟ್ಟು ನೋಡಿದ. ಇನ್ನೊಂದು ಹಾಕಿಸಿದ. ಮತ್ತೊಂದು.

“ಹೇಳಿ ಅಣ್ಣ, ಏನಾಗುತ್ತೆ?”

ಬೆಂಚಿನ ಸುತ್ತ ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. “ಎರಡನೇ ರೌಂಡು,” ಎಂದ ಅವನು. “ಮೊದಲನೇದು ನಮ್ಮ ಹುಡುಗೀದೇ. ಎರಡನೇದರಲ್ಲಿ ಎದುರಾಳಿ ಮುಂದೆ ನುಗ್ತಾಳೆ, ನಮ್ಮವಳು ಹಿಂದೆ ಸರೀತಾಳೆ, ಬಲಗೈ ಇಳಿಯುತ್ತೆ, ಎಡ ಹುಕ್ ಬೀಳುತ್ತೆ. ಮುಗೀತು.”

ಸ್ಪ್ಯಾನರ್ ತುತ್ತು ಕೈಯಲ್ಲೇ ಹಿಡಿದು, “ನಿಮ್ಮ ಮನೆ ಹುಡುಗಿ ಅಣ್ಣಾ!” ಎಂದ.

“ಮನೆ ಹುಡುಗಿ ಅಂತ ಕೈ ಇಳಿಯದೆ ಇರುತ್ತಾ?”

ಎಲ್ಲರೂ ‘ಅಬ್ಬಾ’ ಎಂದರು. ಸ್ವಂತದವರೆಂದು ಮುಲಾಜು ನೋಡದ ಕಣ್ಣು ಎಂದು ಹೊಗಳಿದರು. ಆಮೇಲೆ ಬಹಳ ದಿನ ಅವನನ್ನು ಕುಟುಕಿದ್ದು ಇದೇ. ಆ ಮಾತು ಹೇಳುವಾಗ ಅವನಿಗೆ ಸಂಕಟವಾಗಿರಲಿಲ್ಲ. ಸಂತೋಷವಾಗಿತ್ತು.

ಸಂಜೆ ಮನೆಗೆ ಬಂದಾಗ ಕಡ್ಡಿ ತಲೆಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಅಡುಗೆಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ತಂಗಿ ಹಾಲಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಯಂತ್ರದ ಸದ್ದಿನ ನಡುವೆ ಕಡ್ಡಿ ಪಿಸುಗುಟ್ಟಿದಳು.

“ಮಾವ, ಒಪ್ಕೊಳ್ಳಲಾ?”

ಅವನು ಲೋಟಕ್ಕೆ ನೀರು ಬಗ್ಗಿಸಿಕೊಂಡ. ಮಧ್ಯಾಹ್ನ ಹೇಳಿದ ಮಾತು ಬಾಯಿಯವರೆಗೆ ಬಂತು. ಅವಳ ಮುಖ ನೋಡಿದ. ಒಪ್ಪಿಕೋ ಎನ್ನುವುದನ್ನು ಕೇಳಲಿಕ್ಕೇ ಕಾದು ಕೂತ ಮುಖ. ಅದರ ಹಿಂದೆಯೇ ಇನ್ನೊಂದು ಚಿತ್ರ ಬಂತು. ದೊಡ್ಡ ದೀಪಗಳ ಕೆಳಗೆ ತಮ್ಮ ಮನೆಯ ಹುಡುಗಿ ಕಣಕ್ಕೆ ನಡೆದು ಬರುತ್ತಿದ್ದಾಳೆ, ಆಫೀಸಿನವರೆಲ್ಲ ಎದ್ದು ನಿಂತಿದ್ದಾರೆ, ಅವರ ನಡುವೆ ತಾನು.

“ಒಪ್ಕೋ,” ಎಂದ. “ಮೂರು ರೌಂಡೂ ಹೋಗುತ್ತೆ. ಕೊನೇಲಿ ಗೆದ್ದೋಳು ಅಂತ ನಿನ್ನ ಕೈ ಎತ್ತುತ್ತಾರೆ.”

“ನಿಜವಾಗ್ಲೂ?”

“ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ?”

ಅವಳು ಕಟ್ಟೆಯಿಂದ ಧುಮುಕಿ ಕೋಚ್‌ಗೆ ಫೋನ್ ಮಾಡಿದಳು. “ಸರ್, ಆಡ್ತೀನಿ. ಮಾವ ಹೇಳಿದ್ರು.”

ನಡುವೆ ಒಂದು ದಿನ ಮನಸ್ಸು ತಡೆಯದೆ, “ಕೈ ಸ್ವಲ್ಪ ನೋಡ್ಕೋ,” ಎಂದ. ಅವಳು ತಟ್ಟನೆ, “ಯಾಕೆ? ಏನಾದ್ರೂ ಕಾಣ್ತಾ?” ಎಂದಳು. ಹೇಳಿದರೆ ಎಂದಿನಿಂದ ಗೊತ್ತು ಎಂದು ಕೇಳುತ್ತಾಳೆ, ಹಾಗಾದರೆ ಗೆಲ್ಲುತ್ತೀಯ ಎಂದದ್ದು ಯಾಕೆ ಎಂದೂ ಕೇಳುತ್ತಾಳೆ. “ಏನಿಲ್ಲ, ಸುಮ್ನೆ ಹೇಳ್ದೆ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಪಂದ್ಯದ ದಿನ ತಂಗಿ ಬರಲಿಲ್ಲ. “ನನ್ನ ಕೈಲಿ ನೋಡಕ್ಕಾಗಲ್ಲ, ನೀನಿದೀಯಲ್ಲ,” ಎಂದಳು. ಆಫೀಸಿನವರು ಒಂದಿಡೀ ಸಾಲು ಹಿಡಿದಿದ್ದರು. ನಾಲಿಗಣ್ಣ ಸ್ಪ್ಯಾನರ್‌ನ ಪಕ್ಕದಲ್ಲಿ ಕೂತಿದ್ದ. ಮೊದಲನೇ ರೌಂಡಿನಲ್ಲಿ ಕಡ್ಡಿ ಎದುರಾಳಿಯ ಎರಡೂ ಕಾಲು ಬಾಚಿ ನೆಲಕ್ಕೆ ಕೆಡವಿ ಮೇಲೆ ಕೂತಾಗ ಕ್ರೀಡಾಂಗಣ ಕಿವಿ ಕಿವುಡಾಗುವಂತೆ ಕೂಗಿತು. ನಾಲಿಗಣ್ಣನ ಕಣ್ಣು ತುಂಬಿತು. ತನ್ನ ಸುಳ್ಳೇ ನಿಜವಾಗಿಬಿಡಲಿ ಎಂದು ಅವನು ಬೇಡಿಕೊಂಡ. ನಿಜವಾಗುತ್ತದೆ ಎಂದೇ ಒಂದು ನಿಮಿಷ ನಂಬಿದ.

ಎರಡನೇ ರೌಂಡು. ಎದುರಾಳಿ ಮುಂದೆ ನುಗ್ಗಿದಳು. ಕಡ್ಡಿ ಒಂದು ಹೆಜ್ಜೆ ಹಿಂದೆ ಇಟ್ಟಳು. ಬಲಗೈ ಇಳಿಯಿತು.

“ಈಗ!” ಎಂದ ನಾಲಿಗಣ್ಣ.

ಏಟು ಬೀಳುವ ಮೊದಲೇ ಅವನ ಬಾಯಿಂದ ಅದು ಬಂದಿತ್ತು. ಕೂಗಿ ಎಚ್ಚರಿಸಿದ್ದೂ ಅಲ್ಲ, ನೋವಿನ ದನಿಯೂ ಅಲ್ಲ. ಬೆಂಚಿನ ಮೇಲೆ ಕೂತು, ತಾನು ಹೇಳಿದ ಕ್ಷಣ ಬಂತು ಎಂದು ಗೆಳೆಯರಿಗೆ ತೋರಿಸುವಾಗಿನ ದನಿ. ಕಣ್ಣು ಮಿಟುಕಿಸುವಷ್ಟು ಹೊತ್ತು ಅವನ ಎದೆ ಉಬ್ಬಿತ್ತು. ಅಷ್ಟರಲ್ಲಿ ಕಡ್ಡಿ ಬಲೆಗೆ ಒರಗಿ ಜಾರಿ ಕೂತಿದ್ದಳು, ರೆಫರಿ ಇಬ್ಬರ ನಡುವೆ ಬಂದು ಕೈ ಬೀಸುತ್ತಿದ್ದ.

ಬಲಗಣ್ಣಿನ ಕೆಳಗಿನ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಪುಟ್ಟ ಲೋಹದ ತಗಡು ಕೂರಿಸಿದರು. ಕಣ್ಣು ಉಳಿಯಿತು. ಆದರೆ ಸ್ವಲ್ಪ ಕಾಲ ಎಲ್ಲವೂ ಎರಡೆರಡಾಗಿ ಕಾಣುತ್ತವೆ ಎಂದರು ಡಾಕ್ಟರು. ಎಚ್ಚರವಾದ ಮೇಲೆ ಕಡ್ಡಿ ಮಾವನ ಕೈ ಹಿಡಿದುಕೊಂಡು, “ಸಾರಿ ಮಾವ. ನಿನ್ನ ಮಾತು ಸುಳ್ಳು ಮಾಡಿಬಿಟ್ಟೆ,” ಎಂದಳು. ಅವನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಹೇಳಿದ್ದು ಸ್ಪ್ಯಾನರ್, ಅದೂ ಸಮಾಧಾನ ಮಾಡಲು ಬಂದವನು. ಬಾಳೆಹಣ್ಣಿನ ಚಿಪ್ಪು ಮೇಜಿನ ಮೇಲಿಟ್ಟು, ಸ್ಟೂಲ್ ಎಳೆದುಕೊಂಡು ಕೂತ. ಆಮೇಲೆ, “ಹೋಗ್ಲಿ ಬಿಡಮ್ಮ, ನೀನೇನು ಕಮ್ಮಿ ಆಡಲಿಲ್ಲ,” ಎಂದ. “ನಿಮ್ಮ ಮಾವನ ನಾಲಿಗೇನೇ ಅಂಥದ್ದು. ಹೇಳಿದ್ದು ಹೇಳಿದ ಹಾಗೇ ಆಯ್ತು ನೋಡು! ಎರಡನೇ ರೌಂಡು, ಬಲಗೈ, ಎಡ ಹುಕ್. ಒಂದಕ್ಷರ ಆಚೀಚೆ ಇಲ್ಲ!”

ಕಿಟಕಿಯ ಬಳಿ ಹೊದಿಕೆ ಮಡಚುತ್ತಿದ್ದ ತಂಗಿಯ ಕೈ ನಿಂತಿತು. ನಾಲಿಗಣ್ಣ ಬಾಗಿಲಲ್ಲಿ ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದ.

“ಯಾವಾಗ ಹೇಳಿದ್ರು?” ಎಂದಳು ಕಡ್ಡಿ, ಪಟ್ಟಿ ಕಟ್ಟಿದ ಮುಖ ತಿರುಗಿಸದೆ.

“ಆ ಸೋಮವಾರಾನೇ. ಮಧ್ಯಾಹ್ನ ಊಟಕ್ಕೆ ಕೂತಾಗ...” ಸ್ಪ್ಯಾನರ್ ಮೂವರ ಮುಖ ನೋಡಿದ.

“ನಾನು ಕೇಳಿದ್ದು ಸೋಮವಾರ ಸಂಜೆ,” ಎಂದಳು ಅವಳು.

ಸ್ಪ್ಯಾನರ್ ಎದ್ದು, ಹೋಗಿ ಬರ್ತೀನಿ ಎಂದು ಗೋಡೆಗೆ ಹೇಳಿ, ಹೋದ. ತಂಗಿಯೂ ಹೊದಿಕೆಯನ್ನು ಕುರ್ಚಿಯ ಮೇಲಿಟ್ಟು ವರಾಂಡಕ್ಕೆ ಹೋದಳು. ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ.

“ಕೈ ಇಳಿಯುತ್ತೆ ಅಂತ ಯಾವಾಗಿಂದ ಗೊತ್ತು ಮಾವ?”

“ಬಹಳ ದಿನದಿಂದ.”

“ಬಹಳ ದಿನ ಅಂದ್ರೆ?”

“ನೀನು ಎರಡನೇ ಪಂದ್ಯ ಗೆದ್ದಾಗಿಂದ.”

ಅವಳು ಕಿರುಚಾಡಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅವನೇ ತೊದಲಿದ, “ನೀನು ಧೈರ್ಯವಾಗಿ ಹೋಗ್ಲಿ ಅಂತ... ಗೆಲ್ಲಲಿ ಅಂತ...”

“ಗೆಲ್ಲಲಿ ಅಂತಿದ್ರೆ ಕೈ ವಿಷಯ ಹೇಳ್ಬೇಕಿತ್ತು. ಅಲ್ಲಿದ್ದೋರಿಗೆಲ್ಲ ಗೊತ್ತಿತ್ತು ಮಾವ. ಆ ಸಾಲಲ್ಲಿ ಕೂತಿದ್ದೋರಿಗೆಲ್ಲ. ನನಗೆ ಬಿಟ್ಟು.”

ಅದಾದ ಮೇಲೆ ಅವಳು ಅವನೊಡನೆ ಮಾತಾಡಲಿಲ್ಲ. ಮನೆಗೆ ಬಂದಳು, ಹಾಲಿನಲ್ಲಿ ಹಾಸಿಗೆ ಹಾಕಿಸಿಕೊಂಡು ಮಲಗಿದಳು. ನಾಲಿಗಣ್ಣ ಟೀವಿಗೆ ಬಟ್ಟೆ ಮುಚ್ಚಿದ. ಮೊಬೈಲಿನಲ್ಲಿದ್ದ ಪಂದ್ಯಗಳನ್ನೆಲ್ಲ ಅಳಿಸಿದ. ಆಫೀಸಿನ ಬೆಂಚು ಬಿಟ್ಟು, ಊಟದ ಡಬ್ಬಿಯನ್ನು ಒಬ್ಬನೇ ಕೆಲಸದ ಜಾಗದ ಮೋಟರ್ ರೂಮಿಗೆ ಒಯ್ದ. ಅವನ ಹಿಂದೆಯೇ ಸ್ಪ್ಯಾನರ್ ಬಂದು, “ನನ್ನ ಬಾಯಿಗೆ ಬೀಗ ಹಾಕ್ಬೇಕಿತ್ತು ಅಣ್ಣ,” ಎಂದು ಗೋಗರೆದ.

“ನೀನು ಇದ್ದದ್ದು ಇದ್ದ ಹಾಗೆ ಹೇಳಿದೆ ಕಣೋ. ಅಷ್ಟು ಕೂಡ ನನಗೆ ಆಗಲಿಲ್ಲ,” ಎಂದ ನಾಲಿಗಣ್ಣ.

ಊಟ ಬಿಟ್ಟ, ಗಡ್ಡ ಬಿಟ್ಟ. ಕೊನೆಗೆ ತಂಗಿಗೆ ರೇಗಿತು.

“ಇದೇನು ಅಣ್ಣ ನಿನ್ನ ಅವತಾರ?”

“ನಾನಿನ್ನು ಜನ್ಮದಲ್ಲಿ ಫೈಟ್ ನೋಡಲ್ಲ ಕಣೆ.”

“ನೀನು ನೋಡೋದು ಬಿಟ್ರೆ ಅವಳ ಮೂಳೆ ಕೂಡುತ್ತಾ? ಅವತ್ತು ನಿನ್ನ ಹೆಸರು ದೊಡ್ಡದಾಯ್ತು, ಇವತ್ತು ನಿನ್ನ ದುಃಖ ದೊಡ್ಡದಾಯ್ತು. ಅವಳೆಲ್ಲಿ ಇದರಲ್ಲಿ?” ಅವಳು ಪುಟ್ಟ ಔಷಧದ ಬಾಟಲಿ ತಂದು ಅವನ ಕೈಗೆ ತುರುಕಿದಳು. “ಕಣ್ಣಿಗೆ ಡ್ರಾಪ್ಸ್ ಹಾಕೋ ಹೊತ್ತಾಯ್ತು. ಹೋಗಿ ಹಾಕು. ಇನ್ನು ಮೇಲೆ ಇದು ನಿನ್ನ ಕೆಲಸ.”

ಅಂದಿನಿಂದ ಕೆಲಸಕ್ಕೆ ಹೋಗುವ ಮೊದಲು, ಬಂದ ಮೇಲೆ, ಡ್ರಾಪ್ಸ್ ಹಾಕುವುದು ಅವನ ಪಾಲಿಗೆ ಬಂತು. ಅವನು ಕೈಗಂಟಿದ ಗ್ರೀಸ್ ಹೋಗುವವರೆಗೆ ಸೋಪಿನಲ್ಲಿ ಉಜ್ಜಿ ತೊಳೆದು ಬರುವನು. ಅವಳು ಮಾತಿಲ್ಲದೆ ಕತ್ತು ಮೇಲೆ ಮಾಡುವಳು. ಊದಿದ ರೆಪ್ಪೆಯನ್ನು ಬೆರಳಿನಿಂದ ಬಿಡಿಸುವಾಗ ಆ ಕೆನ್ನೆಯ ಮೇಲಿನ ಹಸಿರು, ಹಳದಿ ಬಣ್ಣಗಳನ್ನು ಅಷ್ಟು ಹತ್ತಿರದಿಂದ ನೋಡಲೇಬೇಕಾಗುತ್ತಿತ್ತು. ಇದಕ್ಕಿಂತ ಆಸ್ಪತ್ರೆಯ ಬಾತ್‌ರೂಮಿನಲ್ಲಿ ಅತ್ತದ್ದೇ ಸುಲಭವಾಗಿತ್ತು ಎನಿಸುತ್ತಿತ್ತು.

ಬಣ್ಣ ಮಾಸತೊಡಗಿದ ಮೇಲೆ ಒಂದು ಬೆಳಿಗ್ಗೆ, ಹನಿ ಬಿದ್ದ ಕಣ್ಣು ಮುಚ್ಚಿಕೊಂಡೇ ಅವಳು ಕೇಳಿದಳು.

“ಇನ್ನೇನು ಗೊತ್ತು?”

“ಏನು?”

“ನನ್ನ ಬಗ್ಗೆ. ನೋಡಿ ನೋಡಿ ಇಟ್ಕೊಂಡು ನನಗೆ ಹೇಳದೆ ಇರೋದು. ಎಲ್ಲಾ ಹೇಳು.”

ಅವನು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ಎದುರಾಳಿಯ ಕಾಲು ಹಿಡಿಯಲು ಬಗ್ಗುವ ಮೊದಲು ನೆಲ ನೋಡುತ್ತೀಯ ಎಂದ. ದಣಿದಾಗ ಎಡಗಾಲು ಭಾರವಾಗುತ್ತದೆ, ಅದನ್ನು ಎಳೆಯುತ್ತೀಯ. ಒಂದು ಏಟು ಸರಿಯಾಗಿ ಬಿದ್ದರೆ ಖುಷಿಯಲ್ಲಿ ಅದನ್ನೇ ಮತ್ತೆ ಹೊಡೆಯುತ್ತೀಯ. ಅವಳು, “ಮತ್ತೆ?” ಎನ್ನುತ್ತಿದ್ದಳು. ಹೊಲಿಗೆ ಯಂತ್ರ ಸುಮ್ಮನಾಗಿತ್ತು, ತಂಗಿ ಕೇಳಿಸಿಕೊಳ್ಳುತ್ತಿದ್ದಳು.

“ಮತ್ತೆ?”

ಆಗ ಅವನು ಅದನ್ನೂ ಹೇಳಿಬಿಟ್ಟ. ಅವಳ ಕೈ ಇಳಿದಾಗ ತನ್ನ ಬಾಯಿಂದ ‘ಈಗ’ ಎಂದು ಬಂದದ್ದು. ಆ ಒಂದು ಕ್ಷಣ ತನಗೆ ಹೆಮ್ಮೆಯಾದದ್ದು. ಇದನ್ನೂ ಹೇಳಿದರೆ ಎದೆ ಹಗುರವಾಗುತ್ತದೆ, ಇನ್ನು ತನ್ನಲ್ಲಿ ಮುಚ್ಚಿಟ್ಟದ್ದು ಏನೂ ಉಳಿಯುವುದಿಲ್ಲ ಎಂದುಕೊಂಡಿದ್ದ.

ಕಡ್ಡಿ ಕಣ್ಣು ತೆರೆದಳು.

“ಅದನ್ನ ಹೇಳಬಾರದಿತ್ತು ಮಾವ,” ಎಂದಳು. “ಅದರಿಂದ ನನಗೇನು ಉಪಯೋಗ?”

ಅವನು ಬಾಟಲಿಯ ಮುಚ್ಚಳ ಬಿಗಿದು ಎದ್ದು ಹೋದ. ಹೇಳಬೇಕಾದದ್ದನ್ನು ನುಂಗಿ, ನುಂಗಬೇಕಾದದ್ದನ್ನು ಅವಳ ಮೇಲೆ ಹಾಕಿದೆನಲ್ಲ ಎಂದು ದಿನವಿಡೀ ಕೊರಗಿದ.

ಡಾಕ್ಟರು ಒಪ್ಪಿದ ಮೇಲೆ ಅವಳು ಮತ್ತೆ ಜಿಮ್ಮಿಗೆ ಹೋದಳು. ಮಾವ ಹೇಳಿದ್ದನ್ನೆಲ್ಲ ಕೋಚ್‌ಗೆ ಒಪ್ಪಿಸಿದಳಂತೆ. ಬಲಗೈ ಕೆನ್ನೆ ಬಿಡದಂತೆ ಕೊರಳಿಗೆ ದಾರದಿಂದ ಕಟ್ಟಿ ಹಿಂದೆ ಸರಿಯುವುದನ್ನು ಕಲಿಸುತ್ತಿದ್ದಾರೆ ಎಂದು ತಂಗಿಯ ಮೂಲಕ ಅವನಿಗೆ ಗೊತ್ತಾಯಿತು. ಮಾತು ನಿಧಾನವಾಗಿ ಮರಳಿತು. ಉಪ್ಪು ಕೊಡು, ಬಾಗಿಲು ಹಾಕು ಎನ್ನುವಲ್ಲಿಂದ ಶುರುವಾಯಿತು. ಒಂದು ಭಾನುವಾರ ಅವಳೇ ಟೀವಿಯ ಮೇಲಿನ ಬಟ್ಟೆ ತೆಗೆದಳು. ಈಗ ಅವನ ಪಕ್ಕ ಅಲ್ಲ, ಎದುರು ಕುರ್ಚಿಯಲ್ಲಿ ಕೂರುತ್ತಾಳೆ. ಅವನು ಒಬ್ಬರನ್ನು ಹಿಡಿದರೆ ಅವಳು ಇನ್ನೊಬ್ಬರನ್ನು ಹಿಡಿದು ಜಗಳಕ್ಕೆ ನಿಲ್ಲುತ್ತಾಳೆ. ಅವಳು ಹೇಳಿದ್ದು ನಿಜವಾಗುವುದೇ ಹೆಚ್ಚು. ಆದರೆ ತನ್ನ ಪಂದ್ಯದ ಬಗ್ಗೆ ಅವನನ್ನು ಒಂದು ದಿನವೂ ಕೇಳಿಲ್ಲ.

ಆಫೀಸಿನಲ್ಲಿ ಯಾರಾದರೂ ಕೇಳಿದರೆ ಅವನು “ಗೊತ್ತಿಲ್ಲಪ್ಪ” ಎನ್ನುತ್ತಾನೆ. ಅದು ಸುಳ್ಳು. ಕಣ್ಣು ತನ್ನ ಪಾಡಿಗೆ ತಾನು ನೋಡುತ್ತದೆ, ಲೆಕ್ಕ ತನ್ನಷ್ಟಕ್ಕೆ ಕೂಡುತ್ತದೆ. ಬೇಡವೆಂದರೂ ಅದು ನಿಲ್ಲುವುದಿಲ್ಲ. ಕಡ್ಡಿ ಮತ್ತೆ ಕಣಕ್ಕೆ ಇಳಿದಾಗಲೂ ಹಾಗೇ ಆಯಿತು. “ಬರಲಾ?” ಎಂದು ಅವನು ಕೇಳಿದ್ದಕ್ಕೆ, “ಅಮ್ಮನ್ನ ಕರ್ಕೊಂಡು ಬಾ, ಹಿಂದೆ ಎಲ್ಲಾದ್ರೂ ಕೂತ್ಕೋ,” ಎಂದಿದ್ದಳು. ಅಣ್ಣ ತಂಗಿ ಕೊನೆಯ ಸಾಲಿನಲ್ಲಿ ಕೂತರು. ತಂಗಿ ಸೆರಗು ಬಾಯಿಗೆ ತುರುಕಿಕೊಂಡು ನೋಡಿದಳು. ನಾಲಿಗಣ್ಣ ಹಲ್ಲು ಕಚ್ಚಿ, ತುಟಿ ಬಿಗಿದು ಕೂತ. ಮೂರು ರೌಂಡೂ ನಡೆಯಿತು. ಕಡ್ಡಿ ಅಂಕಗಳಲ್ಲಿ ಸೋತಳು. ಹಾಗೇ ಆಗುತ್ತದೆ ಎಂದು ಅವನಿಗೆ ತೋರಿತ್ತು. ಅವಳು ಬೀಳದೆ ನಿಂತುಕೊಂಡೇ ಸೋತಳು, ಬಲಗೈ ಒಮ್ಮೆಯೂ ಇಳಿಯಲಿಲ್ಲ.

ಮೂವರೂ ಒಂದೇ ಆಟೋದಲ್ಲಿ ಮನೆಗೆ ಬಂದರು. ಕಡ್ಡಿ ನಡುವೆ ಕೂತು, ಮುಂದಿನ ವಾರ ಟೀವಿಯಲ್ಲಿ ಬರುವ ದೊಡ್ಡ ಫೈಟಿನಲ್ಲಿ ಕುಸ್ತಿಯಿಂದ ಬಂದ ಆಟಗಾರನೇ ಗೆಲ್ಲುತ್ತಾನೆ ಎಂದು ವಾದ ತೆಗೆದಳು. ನಾಲಿಗಣ್ಣ, “ಅವನಾ? ಮೂರನೇ ರೌಂಡಿಗೆ ಉಸಿರೇ ಇರಲ್ಲ,” ಎಂದ. “ನೋಡೋಣ ನೋಡೋಣ,” ಎಂದಳು ಅವಳು. ತಂಗಿ, “ಇಬ್ಬರೂ ಸ್ವಲ್ಪ ಬಾಯಿ ಮುಚ್ಚಿ,” ಎಂದು ಮಗಳ ಊದಿದ ಹುಬ್ಬಿಗೆ ಕರವಸ್ತ್ರದಲ್ಲಿ ಸುತ್ತಿದ ಐಸ್ ಒತ್ತಿದಳು.